ಗುಂಡನಿಗೆ, ಮರಳು ಕೊಡವಿಕೊಂಡು

ಲೋ ಗುಂಡ,

ಲಿಂಕ್ಸ್ ಅನ್ನೋ ಕಾಡುಬೆಕ್ಕನ್ನು ನೋಡಿದೆ ಅಂತ ಗ್ರೂಪಿನಲ್ಲಿ ನಾನು ಬರೆದದ್ದು ಸುಳ್ಳು. ಸ್ಪೇನ್‌ನ ದೊನ್ಯಾನ ಕಾಡಿನಲ್ಲಿ ನನಗೆ ಲಿಂಕ್ಸ್ ಕಾಣಿಸಲಿಲ್ಲ. ಕಂಡದ್ದು ಜಿಂಕೆ, ಕಾಡುಹಂದಿ, ದೂರದಲ್ಲಿ ಗುಲಾಬಿ ಗೆರೆ ಎಳೆದ ಹಾಗೆ ಫ್ಲೆಮಿಂಗೊಗಳು. ನಾನು ಹಾಕಿದ ಫೋಟೊ ಟಿಕೆಟ್ ಕೌಂಟರಿನ ಪೋಸ್ಟರ್‌ನದು. ಜೂಮ್ ಮಾಡಿದರೆ ಮೊಳೆ ಕಾಣುತ್ತೆ. ನೀನು ಮಾಡಿರ್ತೀಯ. ಮೂರನೇ ಇಡ್ಲಿಯ ಲೆಕ್ಕ ಇಟ್ಟವನಲ್ವಾ ನೀನು!

2002ರಲ್ಲಿ ಬೆಳೆದ ಲಿಂಕ್ಸ್‌ಗಳು ನೂರೂ ಉಳಿದಿರಲಿಲ್ಲವಂತೆ. ಈಗ ಸ್ಪೇನ್, ಪೋರ್ಚುಗಲ್ ಎರಡೂ ಸೇರಿ 2000 ದಾಟಿವೆ. ಅಷ್ಟರಲ್ಲಿ ಒಂದೂ ನನಗೆ ಸಿಗಲಿಲ್ಲ. ಹಣೆಬರಹ.

ಆದರೆ ಮರಳು ನೋಡಿದೆ ಕಣೋ. ಗ್ವಾದಲ್ಕಿವಿರ್ ನದಿ ಅಟ್ಲಾಂಟಿಕ್ ಸೇರುವ ಜಾಗ, 1969ರಿಂದ ನ್ಯಾಷನಲ್ ಪಾರ್ಕ್. ದೊಡ್ಡ ಚಕ್ರದ ಬಸ್ಸಿನಲ್ಲಿ ಕಡಲಂಚಿಗೇ ಕರೆದುಕೊಂಡು ಹೋಗುತ್ತಾರೆ. ಗಾಳಿಗೆ ದಿಬ್ಬಗಳು ವರ್ಷಕ್ಕೆ 5-6 ಮೀಟರ್ ಒಳಗೆ ಸರಿಯುತ್ತವೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಪೈನ್ ಮರಗಳು. ದಿಬ್ಬ ನಿಧಾನಕ್ಕೆ ಬಂದು ಅವುಗಳನ್ನು ಮುಚ್ಚುತ್ತದೆ. ಎಷ್ಟೋ ವರ್ಷ ಆದಮೇಲೆ ಅದು ದಾಟಿ ಹೋದಾಗ ಹಿಂದೆ ಒಣಕಾಂಡಗಳು ನಿಂತಿರುತ್ತವೆ. ಅಲ್ಲಿಯವರು ಅವನ್ನು ಶಿಲುಬೆಗಳು ಅಂತಾರೆ.

ತಲಕಾಡು ನೆನಪಾಯ್ತು. ಅಲ್ಲಾದರೆ ಅಲಮೇಲಮ್ಮನ ಶಾಪ ಅನ್ನಬಹುದು. ಇಲ್ಲಿ ಶಾಪವೂ ಇಲ್ಲ, ಬರೀ ಗಾಳಿ.

ಒಂದು ಕಡೆ ಸೊಂಟದೆತ್ತರದ ಹಸಿರು ಪೊದೆ ಇತ್ತು. 'ಎಷ್ಟು ಚೆನ್ನಾಗಿದೆ ಗಿಡ' ಅಂದೆ. ಡ್ರೈವರ್ ನಕ್ಕ. ಅದು ಗಿಡ ಅಲ್ಲವಂತೆ, ಮರದ ತುದಿಯಂತೆ. ಉಳಿದದ್ದೆಲ್ಲ ನಾವು ನಿಂತಿದ್ದ ಮರಳಿನ ಒಳಗೆ.

ಆಮೇಲೆ ನಾನು ಏನನ್ನೂ ಸರಿಯಾಗಿ ನೋಡಲಿಲ್ಲ.

ಮಂಗಳವಾರ ನಿನಗೆ ರಜೆ ಹೇಗೆ ಸಿಕ್ತು ಅಂತ ಗ್ರೂಪಿನಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳಿಬಿಡ್ತಿದ್ದೆನೇನೋ. ಮಾರ್ಚ್‌ನಿಂದ ಕೆಲಸ ಇಲ್ಲ. ಯಾರ ಜೊತೆಗೂ ಜಗಳ ಆಗಲಿಲ್ಲ, ನನ್ನ ತಪ್ಪು ಅಂತಲೂ ಹೇಳಲಿಲ್ಲ. ಬಯ್ಯೋಣ ಅಂದರೆ ಒಂದು ಹೆಸರೂ ಇಲ್ಲ. ಅಪ್ಪ ಫೋನ್ ಮಾಡಿದರೆ 'ಮೀಟಿಂಗಿನಲ್ಲಿದ್ದೀನಿ' ಅಂತ ಇಟ್ಟುಬಿಡ್ತೀನಿ. ಆಮೇಲೆ ಸುಮ್ನೆ ಕಿಟಕಿ ಹತ್ತಿರ ಕೂತಿರ್ತೀನಿ. ಮೊನ್ನೆ ವಿಡಿಯೊ ಕಾಲ್‌ಗೆ ಅಂತ ಶರ್ಟಿಗೆ ಇಸ್ತ್ರಿ ಹಾಕಿದೆ. ಕೆಳಗೆ ಲುಂಗಿ. 'ಮುಖದಲ್ಲಿ ಕಳೆ ಬಂದಿದೆ' ಅಂದರು ಅಪ್ಪ. ಕಾಲ್ ಮುಗಿದ ಮೇಲೆ ತುಂಬಾ ಹೊತ್ತು ಆ ಶರ್ಟು ಬಿಚ್ಚೋಕೆ ಆಗಲಿಲ್ಲ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಲಿಂಕ್ಸ್ ವಿಷಯ ಒಪ್ಪಿಕೊಂಡು ಏಳೋಣ ಅಂತಿದ್ದೆ. ನಿನಗೊಬ್ಬನಿಗೇ ಕಳಿಸಿದರೆ ತಕ್ಷಣ ಫೋನ್ ಮಾಡ್ತೀಯ, ನಾನು ಅಳ್ತೀನಿ, ನೀನು ಅದನ್ನು ಹತ್ತು ವರ್ಷ ಆಡಿಕೊಳ್ತೀಯ. ಅದಕ್ಕೇ ಎಲ್ಲರ ಮುಂದೆ ಹಾಕ್ತಿದ್ದೀನಿ. ಇಲ್ಲಿ ನಾಲ್ಕು ಲೈಕ್ ಆದರೂ ಸಿಗುತ್ತೆ.

ಅಪ್ಪ ಇಲ್ಲಿಗೆ ಬರಲ್ಲ. ಆದರೆ ಅತ್ತೆ ಬರ್ತಾರೆ. ಅತ್ತೆ, ನೀವು ಇಲ್ಲಿಯವರೆಗೂ ಓದಿದ್ದರೆ, ಇದು ಬರೀ ಕಥೆ. ಲಿಂಕ್ಸ್ ಮಾತ್ರ ನಿಜ.

ಇಂತಿ,
ಮೀಟಿಂಗಿನಲ್ಲಿರುವ ನಿನ್ನ ಮೂರನೇ ಇಡ್ಲಿ
ಸೆವಿಯಾ, ಸ್ಪೇನ್