ಅಶ್ವಶಕ್ತಿಯ ಲೆಕ್ಕವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಹಳೆಯ ರೇಸ್ ಕಾರುಗಳ ಕುರಿತ ಬರಹಗಳು ಬಹುಪಾಲು ಅಶ್ವಶಕ್ತಿ ಮತ್ತು ಗರಿಷ್ಠ ವೇಗದ ಲೆಕ್ಕಕ್ಕೇ ನಿಂತುಬಿಡುತ್ತವೆ. ಇಪ್ಪತ್ತನಾಲ್ಕು ಗಂಟೆ ಓಡಬೇಕಾದ ಕಾರಿಗೆ ಅದನ್ನು ಹದಗೊಳಿಸಿದ ಬಗೆಯೂ ಅಷ್ಟೇ ಮುಖ್ಯ.

1969ರಲ್ಲಿ ಬಂದ ಪೋರ್ಷೆ 917 ಕಾರನ್ನೇ ನೋಡಿ. ಗಾಳಿಯಿಂದ ತಂಪಾಗುವ, ಹನ್ನೆರಡು ಸಿಲಿಂಡರುಗಳ, 4.5 ಲೀಟರ್ ಎಂಜಿನ್ ಅದಕ್ಕಿದ್ದರೂ, ವೇಗ ಏರಿದಂತೆ ಹಿಂಭಾಗ ಹಗುರಾಗಿ ಕಾರು ಅಂಕೆ ತಪ್ಪುತ್ತಿದ್ದುದರಿಂದ ನುರಿತ ಚಾಲಕರೇ ಅದನ್ನು ಓಡಿಸಲು ಹಿಂಜರಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರಿಯಾದಲ್ಲಿ ನಡೆದ ಪರೀಕ್ಷೆಯ ವೇಳೆ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ಸಂಗತಿ ಗಮನಿಸಿದರು: ಕಾರಿನ ಮೈಗೆ ಹುಳುಗಳು ಅಪ್ಪಚ್ಚಿಯಾಗಿ ಅಂಟಿದ್ದವು, ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮಬೇಕಾದ ಹಿಂದಿನ ಪಟ್ಟಿ, ಅಂದರೆ ಸ್ಪಾಯ್ಲರ್, ಮಾತ್ರ ಸ್ವಚ್ಛವಾಗಿತ್ತು. ಅಂದರೆ ಗಾಳಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಟೇಪು ಹಚ್ಚಿ, ಬಾಲವನ್ನು ಮೇಲಕ್ಕೆತ್ತಿದ ಮೇಲೆ ಕಾರು ರಸ್ತೆಗೆ ಅಂಟಿಕೊಂಡಂತೆ ಓಡಿತು. ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿಸುರಂಗ ಹೇಳದ್ದನ್ನು ಸತ್ತ ಹುಳುಗಳು ಹೇಳಿದವು ಎನ್ನಬಹುದೇನೋ! ಫ್ರಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ರೇಸ್ ಆದ ಲೆ ಮಾನ್ಸ್ ಅನ್ನು 1970ರಲ್ಲಿ ಗೆದ್ದದ್ದು ಹೀಗೆ ಬಾಲ ಮೇಲಕ್ಕೆತ್ತಿದ, ಗಿಡ್ಡ ಬಾಲದ ರೂಪವೇ.

ಇದರ ಅಲ್ಯೂಮಿನಿಯಂ ಚೌಕಟ್ಟಿನ ಕೊಳವೆಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿ, ಒತ್ತಡ ಇಳಿದರೆ ಎಲ್ಲೋ ಬಿರುಕು ಬಿಟ್ಟಿದೆಯೆಂದು ಮಾಪಕದಿಂದಲೇ ತಿಳಿಯುವ ಏರ್ಪಾಡೂ ಇತ್ತು.

ಇಂಥ ಕಾರುಗಳನ್ನು ದುರಸ್ತಿಮಾಡಿ ಮತ್ತೆ ಓಡಿಸುವವರು ಇಂದಿನ ಟೈರುಗಳನ್ನು ಹಾಕುವುದೂ ಉಂಟು. ಆಗ ಹಿಡಿತ ಹೆಚ್ಚಿ, ಚಕ್ರಗಳನ್ನು ಕಾರಿಗೆ ಜೋಡಿಸುವ ಹಳೆಯ ಸಸ್ಪೆನ್ಷನ್ ಭಾಗಗಳ ಮೇಲೆ ಅವು ತಾಳಬೇಕಿದ್ದುದಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ. ಬಣ್ಣ, ನಂಬರಿನ ಜೊತೆಗೆ ಸ್ಪ್ರಿಂಗಿನ ಬಿಗುವು, ಚಕ್ರದ ವಾಲು, ಟೈರಿನ ಒತ್ತಡದ ವಿವರಗಳನ್ನೂ ತಮ್ಮ ಪತ್ರಿಕೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ