ಬಳೆ ಅಡವಿಡುವುದು ಬೇಡ

ಸ್ಟುಟ್‌ಗಾರ್ಟ್
ಅಕ್ಟೋಬರ್ 12

ಅಮ್ಮನಿಗೆ ರಘುವಿನ ನಮಸ್ಕಾರ. ನಾನು ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ತಿಳಿಸು.

ನಿನ್ನ ಕಾಗದ ಬಂತು. ಶುಭಾಳ ನಿಶ್ಚಿತಾರ್ಥದ ಅಲಂಕಾರಕ್ಕೆ 65,000 ಕೇಳಿದ್ದಾರೆ, ಅಪ್ಪ ನಿನ್ನ ಬಳೆ ಸೊಸೈಟಿಯಲ್ಲಿ ಇಡಲಿಕ್ಕೆ ಹೊರಟಿದ್ದಾರೆ ಎಂದು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಬಳೆ ಕಪಾಟಿನಿಂದ ಹೊರಗೆ ಬರುವುದು ಬೇಡ ಅಮ್ಮ. ಸಂಜೆಗೆ ಬಾಡುವ ಹೂವಿಗೆ ವರ್ಷಗಟ್ಟಲೆ ಬಡ್ಡಿ ಕಟ್ಟುವುದು ಎಂತದ್ದಕ್ಕೆ? ಕಾರ್ಯಕ್ರಮ ನಮ್ಮ ಜಗಲಿಯಲ್ಲೇ, ಬರುವವರು ಹೆಚ್ಚೆಂದರೆ ನೂರು ಜನ. ಎಲ್ಲವನ್ನೂ ಕಾಗದದಲ್ಲಿ ಮಾಡಬಹುದು. ಕುಂದಾಪುರದ ಗಂಡಿನ ಕಡೆಯವರು ಕಡಿಮೆಯಾಯಿತು ಎನ್ನುವ ಹಾಗೆ ಖಂಡಿತ ಆಗಲಿಕ್ಕಿಲ್ಲ. ಹೇಗೆಂದು ಬರೆಯುತ್ತೇನೆ, ಶುಭಾ ಓದಿಕೊಳ್ಳಲಿ.

ಗೋಡೆಗೆ ನಿನ್ನ ಹಸಿರು ಸೀರೆ ಕಟ್ಟಿ, ಅದರ ಮೇಲೆ ನೆರಿಗೆಯ ಕಾಗದದ ಚಕ್ರಗಳು. 120 ಜಿಎಸ್ಎಂನ (ಅಂದರೆ ಚದರ ಮೀಟರಿಗೆ 120 ಗ್ರಾಂ ತೂಗುವ) ಬಣ್ಣದ ಎ4 ಹಾಳೆ ತರಬೇಕು. 80ರದ್ದು ನಮ್ಮ ಕಡೆಯ ಹವೆಗೆ ನೆರಿಗೆ ಬಿಡುತ್ತದೆ, 200ರದ್ದು ಮಡಿಸಿದಲ್ಲಿ ಬಿರಿಯುತ್ತದೆ. ಹಾಳೆಯನ್ನು ಉದ್ದಕ್ಕೆ 7 ಸೆಂ.ಮೀ. ಅಗಲದ ಮೂರು ಪಟ್ಟಿ ಮಾಡಿ, ಒಂದೂವರೆ ಸೆಂ.ಮೀ.ಗೆ ಒಂದರಂತೆ ಹಿಂದೆ ಮುಂದೆ ನೆರಿಗೆ ಹಿಡಿಯಬೇಕು. ಎರಡು ಪಟ್ಟಿ ಸೇರಿಸಿ ಅಂಟಿಸಿ ಬಳೆಯಂತೆ ಸುತ್ತಿ, ಮೇಲಿನಂಚನ್ನು ನಡುವಿಗೆ ಒತ್ತಿದರೆ 14 ಸೆಂ.ಮೀ. ಅಗಲದ ಚಕ್ರ ಆಗುತ್ತದೆ. ಒಂದೇ ಪಟ್ಟಿಯಲ್ಲಿ ಮುಗಿಸುತ್ತೇನೆ ಎಂದು ಶುಭಾ ಹೊರಡುವುದು ಬೇಡ. ಚಕ್ರದ ಹೊರ ಅಂಚಿಗೆ 44 ಸೆಂ.ಮೀ. ಬೇಕು, ಒಂದು ಪಟ್ಟಿ ಇರುವುದೇ 30ರ ಹತ್ತಿರ. ಎಳೆದರೆ ಹರಿಯುತ್ತದೆ. ದೊಡ್ಡ ಚಕ್ರಕ್ಕೆ ಹಾಳೆಯನ್ನು ಉದ್ದಕ್ಕೆ ಎರಡೇ ಭಾಗ ಮಾಡಿ ಮೂರು ಪಟ್ಟಿ ಸೇರಿಸಿದರೆ 21 ಸೆಂ.ಮೀ. ಬರುತ್ತದೆ.

ಒತ್ತಿದ ಚಕ್ರ ಕೈ ಬಿಟ್ಟ ಕೂಡಲೇ ಎದ್ದು ನಿಲ್ಲುತ್ತದೆ. ಹಿಂದೆ ಮುಂದೆ 4 ಸೆಂ.ಮೀ.ನ ದುಂಡು ರಟ್ಟು ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಬೇಕು. ಸಣ್ಣದು 36, ದೊಡ್ಡದು 12 ಸಾಕು. ಸಣ್ಣದಕ್ಕೆ 24 ಹಾಳೆ, ದೊಡ್ಡದಕ್ಕೆ 18. ಸೀರೆಗೆ ಅಂಟು ತಾಗಿಸಬಾರದು, ಜರಿಯ ಮೇಲೆ ಪಿನ್ನೂ ಬೇಡ. ಮೇಲೆ ಅಡ್ಡ ಹಗ್ಗ ಕಟ್ಟಿ, ಗಾಳ ಹಾಕುವ ನೈಲಾನ್ ದಾರದಲ್ಲಿ ಇಳಿಬಿಡಿ. ಮಲ್ಪೆಯಲ್ಲಿ ಸಿಗುತ್ತದೆ, ದೂರಕ್ಕೆ ಕಾಣುವುದೂ ಇಲ್ಲ. ಟಿಶ್ಯೂ ಕಾಗದದ ದೊಡ್ಡ ಹೂ ಮಾತ್ರ ಬೇಡ. ತುಳಸಿಪೂಜೆ ಕಳೆದ ಮೇಲೂ ಒಂದೊಂದು ಸಂಜೆ ಗುಡುಗು ಮಳೆ ಉಂಟಲ್ಲ, ತೇವ ಹಿಡಿದರೆ ಅದು ಜೋತುಬೀಳುತ್ತದೆ, ಬಣ್ಣ ಸೀರೆಗೆ ಇಳಿಯುತ್ತದೆ.

ಜಗಲಿಯ ನಾಲ್ಕು ಮೂಲೆಗೆ ಬಿದಿರ ಕಡ್ಡಿಗೆ ಕಾಗದ ಅಂಟಿಸಿದ ಗೂಡುದೀಪ. ದೀಪಾವಳಿಗೆ ಹೇಗೂ ಕಟ್ಟುತ್ತೀರಿ, ಇನ್ನೆರಡು ಹೆಚ್ಚು ಕಟ್ಟಲಿಕ್ಕೆ ಪುಟ್ಟಣ್ಣನಿಗೆ ಹೇಳು. ಅಂಟಿಗೆ 100 ಗ್ರಾಂ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಅರ್ಧ ಲೀಟರ್ ಕುದಿಯುವ ನೀರಿಗೆ ಹೊಯ್ದು, ಪಾರದರ್ಶಕ ಆಗುವವರೆಗೆ ಸಣ್ಣ ಉರಿಯಲ್ಲಿ ತಿರುವಬೇಕು. ತಣಿದ ಮೇಲೆ ತೋಟಕ್ಕೆ ತಂದಿಟ್ಟ ಮೈಲುತುತ್ತು ಒಂದು ಚಿಟಿಕೆ. ಇಲ್ಲದಿದ್ದರೆ ಜಿರಲೆ ತಿನ್ನುತ್ತದೆ, ಬೂಸಲು ಬರುತ್ತದೆ. ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ. ಹಳೆಯ ಪ್ಲಾಸ್ಟಿಕ್ ಡಬ್ಬ ಆದೀತು. ಒಳಗೆ ಎಲ್ಇಡಿ ಬಲ್ಬೇ ಹಾಕಿ, ಹಳೆಯ ಬಲ್ಬಿನ ಕಾವಿಗೆ ಕಾಗದ ಕರಟುತ್ತದೆ. ಕಾಲುದೀಪ ಕಾಗದದಿಂದ ಮೂರು ಅಡಿ ದೂರವೇ ಇರಲಿ.

ಇಲ್ಲಿಯೂ ನವೆಂಬರ್ 11ಕ್ಕೆ ಸೇಂಟ್ ಮಾರ್ಟಿನ್ ದಿನವೆಂದು ಮಕ್ಕಳು ಕಾಗದದ ದೀಪ ಕೋಲಿಗೆ ಸಿಕ್ಕಿಸಿಕೊಂಡು ಹಾಡುತ್ತಾ ಬೀದಿ ಸುತ್ತುತ್ತಾರೆ. ನೋಡಲಿಕ್ಕೆ ಚಂದ, ಆದರೆ ನಮ್ಮ ಗೂಡುದೀಪದ ಬಿದಿರ ಕೆಲಸ ಅದರಲ್ಲಿಲ್ಲ. ಶಾಲೆಗೆ ಸೇರುವ ಮೊದಲ ದಿನ ಮಗುವಿನ ಕೈಗೆ ದೊಡ್ಡದೊಂದು ಕಾಗದದ ಪೊಟ್ಟಣ ಕೊಡುತ್ತಾರೆ, ತುಂಬಾ ಮಿಠಾಯಿ! ಎ4 ಅಳತೆ ಹುಟ್ಟಿದ್ದೂ ಈ ದೇಶದಲ್ಲೇ, 1922ರಲ್ಲಿ. ಅಪ್ಪನಿಗೆ ಹೇಳು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದ ಮೊಗ್ಲಿಂಗರ ಊರು ಇಲ್ಲಿಂದ ದೂರವಿಲ್ಲ.

ಆಮಂತ್ರಣಕ್ಕೆ ಪ್ರೆಸ್ಸಿಗೆ ಹೋಗುವುದು ಬೇಡ. 70 ಮನೆಗೆ 250 ಜಿಎಸ್ಎಂನ 35 ಹಾಳೆ, ಹಾಳಾಗಲಿಕ್ಕೆಂದು 5 ಹೆಚ್ಚು. ಒಂದು ಎ4ನ್ನು ಅಡ್ಡಕ್ಕೆ ಕತ್ತರಿಸಿದರೆ ಎರಡು, ಪ್ರತಿಯೊಂದನ್ನೂ ನಡುವೆ ಮಡಿಸಿದರೆ ಎ6 ಕಾರ್ಡು. ಸಿ6 ಲಕೋಟೆಗೆ ಸರಿಯಾಗಿ ಕೂರುತ್ತದೆ. ಕಾಗದದ ನಾರು ಹಾಳೆಯ ಉದ್ದಕ್ಕೇ ಇರಬೇಕು. ಎರಡೂ ಕಡೆಯಿಂದ ಮೆಲ್ಲ ಬಗ್ಗಿಸಿ ನೋಡಿದರೆ, ಸುಲಭಕ್ಕೆ ಬಗ್ಗಿದಾಗ ಗೆರೆ ಬೀಳುವ ದಿಕ್ಕೇ ನಾರಿನ ದಿಕ್ಕು. ಅದಕ್ಕೆ ಅಡ್ಡ ಮಡಿಸಿದರೆ ಅಂಚು ಒಡೆದು ಬಿಳಿ ಕಾಣುತ್ತದೆ. ಸ್ಟೀಲಿನ ಸ್ಕೇಲು ಇಟ್ಟು ಶಾಯಿ ಮುಗಿದ ಬಾಲ್‌ಪೆನ್ನಿಂದ ಗೀರಿ, ಗೀರಿದ ಕಡೆ ಹೊರಗೆ ಬರುವಂತೆ ಮಡಿಸಬೇಕು. ಮುದ್ರಣ ಲೇಸರಿನಲ್ಲೇ ಮಾಡಿಸಿ. ಮನೆಯ ಇಂಕ್‌ಜೆಟ್‌ನದ್ದಾದರೆ ಮೂಲೆಗೆ ನೀರರಿಶಿನ ಹಚ್ಚುವಾಗ ಶಾಯಿ ಕದಡುತ್ತದೆ. ಮಡಿಕೆಯ ಎರಡೂ ಬದಿಗೆ 5 ಮಿ.ಮೀ. ಖಾಲಿ ಬಿಡಿಸಿ, ಲೇಸರಿನ ಬಣ್ಣ ಮಡಿಕೆಯಲ್ಲಿ ಉದುರುತ್ತದೆ.

ಇಷ್ಟಕ್ಕೆಲ್ಲ ಸೇರಿ 5,000 ದಾಟಲಿಕ್ಕಿಲ್ಲ. ನಾನು ಸೋಮವಾರ 10,000 ಹಾಕುತ್ತೇನೆ, ಉಳಿದದ್ದು ಊಟಕ್ಕಾಗಲಿ. ಅಪ್ಪ ಆಗಲೇ ಸೊಸೈಟಿಗೆ ಹೋಗಿ ಬಂದಾಗಿದ್ದರೆ ಮುಚ್ಚಿಡಬೇಡ, ರಶೀದಿಯ ಫೋಟೋ ಕಳಿಸು, ಬಿಡಿಸುವ ಜವಾಬ್ದಾರಿ ನನ್ನದು. ಅವರಲ್ಲಿ ಜಗಳ ಮಾಡಬೇಡ, ಈ ಕಾಗದವನ್ನೇ ಓದಲಿಕ್ಕೆ ಕೊಡು. ನನಗೆ ಇಲ್ಲಿ ಎಂತದ್ದೂ ತೊಂದರೆ ಇಲ್ಲ. ಕುಚ್ಚಲಕ್ಕಿಯೂ ಸಿಗುತ್ತದೆ, ಚಳಿಗೆ ಕೋಟು ಉಂಟು, ಕೈಯಲ್ಲಿ ಹಣವೂ ಉಂಟು, ನನ್ನ ಖರ್ಚಿನ ಚಿಂತೆ ನಿನಗೆ ಬೇಡವೇ ಬೇಡ. ಬಳೆ ಹಾಕಿಕೊಂಡೇ ಆರತಿ ಎತ್ತು. ಅಂಚೆಗೆ ಹೊತ್ತಾಯಿತು, ಉಳಿದದ್ದು ಫೋನಿನಲ್ಲಿ.

ನಿನ್ನ
ರಘು

ಪುಟ್ಟಣ್ಣ ಏಣಿ ಹತ್ತಲಿ, ಅಪ್ಪ ಬೇಡ.