ಎರಡು ಆರ್‌ಟಿಒ ಮಧ್ಯೆ ಸಿಕ್ಕಿಕೊಂಡ ಲಾರಿ

ಮಾನ್ಯ ಸಂಪಾದಕರೇ,

ನಾನು ಹದಿನಾಲ್ಕು ವರ್ಷ ಬೇರೆಯವರ ಲಾರಿ ಓಡಿಸಿದವನು. ಈ ವರ್ಷ ಸಾಲ ಮಾಡಿ ಸ್ವಂತಕ್ಕೆ ಒಂದು ಹತ್ತು ಚಕ್ರದ ಗಾಡಿ ತೆಗೆದುಕೊಂಡೆ. 2017ರ ಮಾಡೆಲ್, ಅಶೋಕ್ ಲೇಲ್ಯಾಂಡ್, ತಮಿಳುನಾಡಿನ ಸೇಲಂ ಕಡೆಯದು. ಗಾಡಿಯಲ್ಲಿ ಕೊರತೆ ಇಲ್ಲ, ಕೊಟ್ಟವರೂ ಒಳ್ಳೆಯವರು. ಆದರೂ ಅದು ನಮ್ಮ ಮನೆ ಮುಂದೆ 67 ದಿನ ಒಂದು ಲೋಡೂ ಹೊಡೆಯದೆ ನಿಂತಿತ್ತು. ನನ್ನ ಹಾಗೆ ಪಕ್ಕದ ರಾಜ್ಯದಿಂದ ಲಾರಿ ತರುವವರು ಬಹಳ ಜನ ಇದ್ದಾರೆ. ಅವರಿಗೂ ತಿಳಿಯಲಿ, ಸಾರಿಗೆ ಇಲಾಖೆಯವರ ಕಣ್ಣಿಗೂ ಬೀಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಲಾರಿ ಬೇಕೆಂದರೆ ನಮ್ಮವರು ಆ ಕಡೆ ಹೋಗುವುದು ಹಳೇ ರೂಢಿ. ನಾಮಕ್ಕಲ್, ಸಂಕಗಿರಿ ಅಂದರೆ ಲಾರಿಯವರ ಊರುಗಳು. ಬಾಡಿ ಕಟ್ಟುವ ಶೆಡ್ಡುಗಳು ರಸ್ತೆಯುದ್ದಕ್ಕೂ ಸಿಗುತ್ತವೆ. ನಮ್ಮ ಹೊಲಗಳಿಗೆ ಬೋರ್ ಕೊರೆಯಲು ಬರುವ ರಿಗ್ ಗಾಡಿಗಳೂ ಜಾಸ್ತಿ ತಿರುಚೆಂಗೋಡಿನವೇ ಅಲ್ವಾ. ಅಲ್ಲಿ ಮನೆಮಂದಿಯೆಲ್ಲ ಇದೇ ಕಸುಬಿನಲ್ಲಿ ಇರುವುದರಿಂದ ಗಾಡಿಯನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ.

ಕೊಡುವವರ ಫೈನಾನ್ಸ್ ಸಾಲ ತೀರಿಸಿ, ಫಾರಂ 35 ಕೊಟ್ಟು ಆರ್‌ಸಿಯಲ್ಲಿದ್ದ ಎಚ್‌ಪಿ, ಅಂದರೆ ಸಾಲದ ನಮೂದು, ಕ್ಯಾನ್ಸಲ್ ಮಾಡಿಸಿದೆವು. ಎರಡು ಹಳೇ ಇ-ಚಲನ್ ಬಾಕಿ ಇದ್ದವು, ಕಟ್ಟಿದೆವು. ಬಾಡಿಗೆಗೆ ಸರಕು ಸಾಗಿಸಲು ಬೇಕಾದ ಪರ್ಮಿಟ್ ಸರೆಂಡರ್ ಆಯಿತು. ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಆಕ್ಷೇಪಣೆ ಇಲ್ಲ ಎಂಬ ಪತ್ರಕ್ಕೆ, ಅಂದರೆ ಎನ್‌ಒಸಿಗೆ, ಫಾರಂ 28 ಹಾಕಿದೆವು. ಗಾಡಿ ಮೇಲೆ ಕಳವು ಕೇಸು ಇಲ್ಲ ಎಂದು ಪೊಲೀಸರ ವರದಿ ಬರಬೇಕು, ತೆರಿಗೆ ಬಾಕಿ ಇಲ್ಲವೆಂದು ನೋಡಬೇಕು. ಮೋಟಾರು ವಾಹನ ಕಾಯ್ದೆಯ 48ನೇ ಕಲಂ ಪ್ರಕಾರ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಲೆಕ್ಕ. ನನಗೆ 26 ದಿನಕ್ಕೆ ಸಿಕ್ಕಿತು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ಖಾಲಿ ಗಾಡಿಯನ್ನು ನಾನೇ ಓಡಿಸಿಕೊಂಡು ಬಂದೆ. ತೊಪ್ಪೂರು ಘಾಟ್ ಹತ್ತುವಾಗ ಇಂಜಿನ್ ಸದ್ದು ಕೇಳುತ್ತಾ ಕೂತಿದ್ದೆ. ಎಷ್ಟೋ ಸಲ ಹತ್ತಿಳಿದ ಘಾಟ್ ಅದು. ನನ್ನದೇ ಗಾಡಿಯಲ್ಲಿ ಹತ್ತಿದ್ದು ಅವತ್ತೇ ಮೊದಲು. ಅತ್ತಿಬೆಲೆ ದಾಟಿದಾಗ ಬೆಳಗಾಗುತ್ತಿತ್ತು. ಮನೆಗೆ ಫೋನ್ ಮಾಡಿ ‘ಬಂದ್ಬಿಟ್ವಿ’ ಅಂದೆ.

ನಮ್ಮ ಆರ್‌ಟಿಒ ಕಚೇರಿಯಲ್ಲಿ ಹೊಸ ನಂಬರಿಗೆ ಫಾರಂ 27 ಕೊಟ್ಟೆ. ತಪಾಸಣೆಗೆ ಚಾಸಿ ನಂಬರಿನ ಪ್ರಿಂಟ್ ಬೇಕು. ಮುಂದಿನ ಚಕ್ರದ ಪಕ್ಕ ಮಂಡಿಯೂರಿ ಕೂತು, ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸು ಒರೆಸಿ, ವೈರ್ ಬ್ರಷ್‌ನಲ್ಲಿ ಹಳೇ ಪೇಂಟ್ ಉಜ್ಜಿದೆ. ಬಿಳಿ ಹಾಳೆ ಒತ್ತಿ ಹಿಡಿದು ಮೇಲೆ ಪೆನ್ಸಿಲ್ ಆಡಿಸಿದರೆ ಒಂದೊಂದೇ ಅಕ್ಷರ ಎದ್ದು ಬಂತು. ಹದಿನೇಳೂ ಸರಿ ಇದ್ದವು. ಆಮೇಲೆ ಇನ್‌ಸ್ಪೆಕ್ಟರ್ ಟಾರ್ಚ್ ಬಿಟ್ಟು ಇಂಜಿನ್ ನಂಬರ್ ನೋಡಿದರು. ಆರ್‌ಸಿಯಲ್ಲಿ 8 ಅಂತ ಇದ್ದ ಜಾಗದಲ್ಲಿ ಇಂಜಿನ್ ಮೇಲೆ ಇಂಗ್ಲಿಷಿನ ‘ಬಿ’ ಅಕ್ಷರ ಇತ್ತು. ಯಾವುದೋ ಕಾಲದಲ್ಲಿ ಯಾರೋ ಟೈಪ್ ಮಾಡುವಾಗ ಆಗಿದ್ದ ತಪ್ಪು. ‘ನಾವು ತಿದ್ದುವ ಹಾಗಿಲ್ಲ, ಹಳೇ ಕಚೇರಿಯಲ್ಲೇ ಸರಿ ಮಾಡಿಸ್ಕೊಂಡು ಬನ್ನಿ’ ಅಂದರು. ಅವರು ಹೇಳಿದ್ದು ಸರಿಯೇ, ತಪ್ಪು ಇಟ್ಟುಕೊಂಡು ನಂಬರ್ ಕೊಡಲು ಆಗಲ್ಲ.

ಬಸ್ಸಿನಲ್ಲಿ ವಾಪಸ್ ಹೋದೆ. ಅಲ್ಲಿನವರು, ‘ಎನ್‌ಒಸಿ ಕೊಟ್ಟಾಯ್ತು, ಗಾಡಿ ಈಗ ನಿಮ್ಮ ರಾಜ್ಯಕ್ಕೆ ಸೇರಿದ್ದು, ಅಲ್ಲೇ ಕೇಳಿ’ ಅಂದರು. ಇಲ್ಲಿ ಕೇಳಿದರೆ, ಹೊಸ ನಂಬರ್ ಆಗುವವರೆಗೂ ಅದು ಅವರದೇ ಗಾಡಿ ಅನ್ನುತ್ತಾರೆ. ಮೂರು ಸಲ ಓಡಾಡಿದೆ. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರಲ್ಲ. ಮೂರನೇ ಸಲ ಗಾಡಿ ಕೊಟ್ಟವರು ತಮ್ಮ ಕೆಲಸ ಬಿಟ್ಟು ಜೊತೆಗೆ ಬಂದು ಕೌಂಟರ್ ಮುಂದೆ ನಿಂತರು. ಕಂಪನಿಯಿಂದ ಇಂಜಿನ್ ನಂಬರಿನ ಪತ್ರ ತರಿಸಿ, ಎನ್‌ಒಸಿ ರದ್ದು ಮಾಡಿಸಿ, ಅಕ್ಷರ ತಿದ್ದಿಸಿ, ಹೊಸ ಎನ್‌ಒಸಿ ಪಡೆದೆವು. ಆ ಮನುಷ್ಯನ ಋಣ ನನ್ನ ಮೇಲಿದೆ.

ಇಷ್ಟು ದಿನವೂ ಗಾಡಿ ನಿಂತೇ ಇತ್ತು. ‘ಹೊರ ರಾಜ್ಯದ ಗಾಡಿಗೆ ಹನ್ನೆರಡು ತಿಂಗಳು ಟೈಮ್ ಇದೆ, ಸುಮ್ನೆ ಓಡಿಸು’ ಎಂದು ಸ್ಟ್ಯಾಂಡಿನಲ್ಲಿ ಬಹಳ ಜನ ಹೇಳಿದರು. ಆ ಹನ್ನೆರಡು ತಿಂಗಳು ಹೊಸ ನಂಬರ್ ಮಾಡಿಸುವುದಕ್ಕೆ ಮಾತ್ರ. ಹಳೇ ಪರ್ಮಿಟ್ ಅಲ್ಲೇ ಸರೆಂಡರ್ ಆಗಿದೆ, ಇಲ್ಲಿಯದು ನಂಬರ್ ಬಂದ ಮೇಲೆಯೇ. ಪರ್ಮಿಟ್ ಇಲ್ಲದೆ ಲೋಡ್ ಹಾಕಿ ಹೋಗಿ ಯಾರಿಗಾದರೂ ಏನಾದರೂ ಆದರೆ, ವಿಮೆಯವರು ಪರಿಹಾರದ ಹಣವನ್ನು ನನ್ನಿಂದಲೇ ವಸೂಲಿ ಮಾಡಬಹುದು. ಅಷ್ಟು ಧೈರ್ಯ ನನಗೆ ಬರಲಿಲ್ಲ, ಬರಬಾರದು ಕೂಡ.

31,400 ರೂಪಾಯಿಯ ಕಂತು ಎರಡು ಸಲ ಹೆಂಡತಿಯ ಒಡವೆ ಅಡವಿಟ್ಟು ಕಟ್ಟಿದೆ. ಬ್ಯಾಟರಿ ಇಳಿದುಹೋಯಿತು. ಆ ಕ್ವಾರ್ಟರ್‌ನ ತೆರಿಗೆ ತಮಿಳುನಾಡಿಗೆ ಕಟ್ಟಾಗಿತ್ತು, ಅದೇ ದಿನಗಳಿಗೆ ಇಲ್ಲಿಯೂ ಕಟ್ಟಬೇಕಾಯಿತು. ಅಲ್ಲಿಯ ದುಡ್ಡು ವಾಪಸ್ ಬೇಕಾದರೆ ಬೇರೆ ಅರ್ಜಿ, ಬೇರೆ ಓಡಾಟ. ಈರುಳ್ಳಿ ಲೋಡಿನ ಸೀಸನ್ ಕಣ್ಣೆದುರೇ ಮುಗಿಯಿತು. ಕ್ಲೀನರ್ ಹುಡುಗ ಒಂದು ತಿಂಗಳು ಕಾದು ಬೇರೆ ಗಾಡಿಗೆ ಹೋದ. ಅವನನ್ನು ತಡೆಯಲು ನನಗೆ ಬಾಯಿ ಬರಲಿಲ್ಲ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸರಕು ರಾಜ್ಯದಿಂದ ರಾಜ್ಯಕ್ಕೆ ಸಲೀಸಾಗಿ ಹೋಗುತ್ತಿದೆ. 2021ರಲ್ಲಿ ಸ್ವಂತ ಬಳಕೆಯ ಗಾಡಿಗಳಿಗೆ, ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ಬಿಎಚ್ ಸೀರೀಸ್ ಕೊಟ್ಟರು, ವರ್ಗಾವಣೆ ಆಗುವ ನೌಕರರಿಗೆ ಒಳ್ಳೆಯದಾಯಿತು. ಬಾಡಿಗೆ ಲಾರಿಗೆ ಅದು ಸಿಗಲ್ಲ. ಎರಡೂ ಕಚೇರಿಯವರು ನೋಡುವುದು ಗಾಡಿಗಳ ದಾಖಲೆ ಇರುವ ಒಂದೇ ವಾಹನ್ ಪೋರ್ಟಲ್. ಒಂದು ಅಕ್ಷರ ತಿದ್ದಬೇಕಾದರೆ ಇಲ್ಲಿಯ ಇನ್‌ಸ್ಪೆಕ್ಟರ್ ಫೋಟೊ ಹಾಕಿ ಕಳಿಸಲಿ, ಅಲ್ಲಿಯವರು ನೋಡಿ ಒಪ್ಪಲಿ. ಮಾಲೀಕ ಬಸ್ ಹತ್ತಬೇಕಾದ ಕೆಲಸವೇ ಅಲ್ಲ ಅದು.

ನನ್ನ ದೊಡ್ಡ ಬೇಡಿಕೆ ಪರ್ಮಿಟ್‌ನದು. ಕಾಯ್ದೆಯ 87ನೇ ಕಲಂನಲ್ಲಿ ನಾಲ್ಕು ತಿಂಗಳವರೆಗೆ ತಾತ್ಕಾಲಿಕ ಪರ್ಮಿಟ್ ಕೊಡಲು ದಾರಿ ಇದೆ. ಸೀಸನ್ ವ್ಯಾಪಾರಕ್ಕೆ, ಪರ್ಮಿಟ್ ನವೀಕರಣದ ಅರ್ಜಿ ಬಾಕಿ ಇರುವಾಗ ಅದನ್ನು ಕೊಡಬಹುದು. ಎನ್‌ಒಸಿ ಕೈಯಲ್ಲಿದ್ದು, ಎಫ್‌ಸಿ (ಗಾಡಿಯ ಫಿಟ್‌ನೆಸ್ ಪತ್ರ) ಮತ್ತು ವಿಮೆ ಚಾಲ್ತಿಯಲ್ಲಿದ್ದು, ಹೊಸ ನಂಬರಿಗೆ ಅರ್ಜಿ ಹಾಕಿದ ಗಾಡಿಗೂ ರಾಜ್ಯದೊಳಗೆ ದುಡಿಯಲು ಅಂಥದ್ದೊಂದು ಪರ್ಮಿಟ್ ಕೊಡಬೇಕು. ಅದಕ್ಕೆ ಶುಲ್ಕ ಇಟ್ಟರೂ ನಾವು ಸಂತೋಷದಿಂದ ಕಟ್ಟುತ್ತೇವೆ. ತೆರಿಗೆಯೂ ಗಾಡಿಯ ಜೊತೆಗೇ ರಾಜ್ಯದಿಂದ ರಾಜ್ಯಕ್ಕೆ ವರ್ಗ ಆಗುವಂತೆ ಎರಡೂ ಸರ್ಕಾರಗಳು ಕೂತು ಮಾತಾಡಲಿ.

ನನ್ನ ಗಾಡಿಗೆ ಕೆಎ ನಂಬರ್ ಬಂದು ಎಂಟು ದಿನ ಆಯಿತು. ನಮ್ಮೂರಿನ ಇನ್ನಿಬ್ಬರು ಮುಂದಿನ ವಾರ ಲಾರಿ ನೋಡಲು ಅದೇ ಕಡೆ ಹೊರಟಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲೇ ಇಂಜಿನ್ ನಂಬರ್ ಒರೆಸಿ ಫೋಟೊ ತೆಗೆದು, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ ಎಂದು ಇಬ್ಬರಿಗೂ ಹೇಳಿದ್ದೇನೆ. ಕ್ಯಾಬಿನ್‌ನಲ್ಲಿದ್ದ ವೈರ್ ಬ್ರಷ್ ಅವರ ಕೈಗೇ ಕೊಟ್ಟಿದ್ದೇನೆ.

– ಒಬ್ಬ ಲಾರಿ ಮಾಲೀಕ